ಇಂಜಿನ್ ಆಯಿಲ್‌ಗೆ ಆಯಸ್ಸು ಎಷ್ಟು?



ಕಾರನ್ನು ಸರ್ವೀಸಿಗೆ ಬಿಟ್ಟು ವಾಪಸ್ ತಂದಾಗ ಗಾಜಿನ ಮೂಲೆಯಲ್ಲೋ ಬಾಗಿಲ ಸಂದಿಯಲ್ಲೋ ಒಂದು ಚೀಟಿ ಅಂಟಿಸಿರುತ್ತಾರೆ. ಮುಂದಿನ ಆಯಿಲ್ ಚೇಂಜ್ ಇಷ್ಟು ಕಿಲೋಮೀಟರಿಗೆ, ಇಲ್ಲವೇ ಇಂಥ ತಿಂಗಳಿಗೆ, ಯಾವುದು ಮೊದಲೋ ಅದು. ಹಿಂದೆ ಈ ಗಡುವು ಎರಡು ಮೂರು ಸಾವಿರ ಕಿಲೋಮೀಟರ್ ಇತ್ತು. ಆಮೇಲೆ ಐದು ಸಾವಿರವಾಯಿತು. ಈಗ ಬಹುತೇಕ ಕಾರುಗಳಿಗೆ 10,000, ಕೆಲವಕ್ಕೆ 15,000. ಕೆಲವು ಹೊಸ ಲಾರಿಗಳಲ್ಲಿ 40,000 ಕೂಡ ದಾಟಿದೆ. ಇದನ್ನು ಕಂಡು ಜನ ಎರಡು ಪಕ್ಷವಾಗಿದ್ದಾರೆ. ಕಂಪನಿ ಏನೇ ಹೇಳಲಿ, ಅರ್ಧಕ್ಕೇ ಬದಲಾಯಿಸಿಬಿಡಿ ಎನ್ನುವವರು ಒಂದು ಕಡೆ. ಸಿಂಥೆಟಿಕ್ ಹಾಕಿಸಿದ್ದೇನೆ, ಇಪ್ಪತ್ತು ಸಾವಿರದವರೆಗೆ ಬಾನೆಟ್ ಎತ್ತುವುದಿಲ್ಲ ಎನ್ನುವವರು ಇನ್ನೊಂದು ಕಡೆ.

ಆ ಸಂಖ್ಯೆ ತಾನಾಗಿ ಬೆಳೆದದ್ದಲ್ಲ. ಅದು ಹಿಗ್ಗಿದ ಪ್ರತಿ ಸಲವೂ ಅದರ ಹಿಂದೆ ಒಂದು ಗಟ್ಟಿ ಕಾರಣ ಇತ್ತು. ಒಮ್ಮೆ ಫಿಲ್ಟರ್, ಒಮ್ಮೆ ರಸಾಯನಶಾಸ್ತ್ರ, ಒಮ್ಮೆ ಶುದ್ಧವಾದ ಇಂಧನ, ಒಮ್ಮೆ ಅಳತೆ. ಆ ಕಾರಣ ಇಲ್ಲದೆ ಹಿಗ್ಗಿಸಿದಾಗೆಲ್ಲ ಇಂಜಿನ್ ಹಾಳಾಗಿದೆ. ಈ ಕಥೆ ಗೊತ್ತಿದ್ದರೆ ನಿಮ್ಮ ಗಾಡಿಯ ಗಡುವನ್ನು ಎಲ್ಲಿಯವರೆಗೆ ಎಳೆಯಬಹುದು, ಎಲ್ಲಿ ಎಳೆಯಬಾರದು ಎಂದು ನೀವೇ ತೀರ್ಮಾನಿಸಬಹುದು.

ಚಕ್ರ ತಿರುಗುವ ಕಡೆಯೆಲ್ಲ ಎಣ್ಣೆ ಬೇಕೇ ಬೇಕು. ನಮ್ಮ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡಿ ಹಚ್ಚುತ್ತಿದ್ದರು. ದೂರದ ಊರಿಗೆ ಗಾಡಿ ಕಟ್ಟಿದಾಗ ಅದನ್ನು ಬಿದಿರಿನ ಅಂಡೆಯಲ್ಲಿ ತುಂಬಿ ಜೊತೆಗೆ ಒಯ್ಯುತ್ತಿದ್ದರು. ಅಚ್ಚು ಕಿರುಗುಟ್ಟಿದರೆ ಹಚ್ಚುವುದು, ಅಷ್ಟೇ ಲೆಕ್ಕ. ಹೊರದೇಶಗಳಲ್ಲೂ ಯಂತ್ರಗಳಿಗೆ ಇಂಥವೇ ಆಸರೆ: ಪ್ರಾಣಿಗಳ ಕೊಬ್ಬು, ತಿಮಿಂಗಿಲದ ಎಣ್ಣೆ, ಬೀಜದ ಎಣ್ಣೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆಸಿ ಕಲ್ಲೆಣ್ಣೆ ತೆಗೆದ. ಕೆಲವೇ ವರ್ಷಗಳಲ್ಲಿ, 1866ರಲ್ಲಿ, ಜಾನ್ ಎಲ್ಲಿಸ್ ಎಂಬ ವೈದ್ಯ ಕಚ್ಚಾ ತೈಲದಿಂದ ಉಗಿ ಯಂತ್ರಗಳಿಗೆ ಎಣ್ಣೆ ತಯಾರಿಸುವ ಕಂಪನಿ ತೆರೆದ. ವಾಲ್ವೊಲಿನ್ ಹುಟ್ಟಿದ್ದು ಅಲ್ಲಿಂದ. ಉಗಿ ಯಂತ್ರಕ್ಕೆ ಎಣ್ಣೆ ಬಿಡಲು ಆಗ ಸಾಮಾನ್ಯವಾಗಿ ಯಂತ್ರವನ್ನೇ ನಿಲ್ಲಿಸಬೇಕಿತ್ತು. ಓಡುತ್ತಿರುವಾಗಲೇ ತಾನಾಗಿ ಎಣ್ಣೆ ಬಿಡುವ ಸಾಧನಕ್ಕೆ 1872ರಲ್ಲಿ ಪೇಟೆಂಟ್ ಪಡೆದವನು ಎಲಿಜಾ ಮೆಕಾಯ್. ಅವನ ತಂದೆತಾಯಿ ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದವರು. ಓಡುವ ಯಂತ್ರಕ್ಕೆ ಎಣ್ಣೆ ಉಣಿಸುವ ವಿದ್ಯೆಯಲ್ಲಿ ಅವನ ಹೆಸರನ್ನು ಮೊದಲು ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಪೆಟ್ರೋಲ್ ಇಂಜಿನ್ ಬಂದಾಗಲೂ ಹರಳೆಣ್ಣೆ ಕೈಬಿಡಲಿಲ್ಲ. ಹರಳೆಣ್ಣೆ ಸೇರಿಸಿದ ಕ್ಯಾಸ್ಟ್ರಾಲ್ 1909ರಲ್ಲಿ ಮಾರುಕಟ್ಟೆಗೆ ಬಂತು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳು ಹರಳೆಣ್ಣೆಯ ಮೇಲೇ ಓಡಿದವು. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಬಿಸಿಯಲ್ಲೂ ಲೋಹವನ್ನು ಬಿಡದೆ ಅಂಟಿಕೊಳ್ಳುತ್ತದೆ. ಅದರ ದೋಷವೆಂದರೆ, ಬಿಸಿಯಲ್ಲಿ ಸ್ವಲ್ಪ ಕಾಲ ಕಳೆದರೆ ಗೋಂದಿನಂತಾಗಿ ಪಿಸ್ಟನ್ ರಿಂಗುಗಳನ್ನು ಕಚ್ಚಿಸುತ್ತದೆ. ಆ ವಿಮಾನಗಳಲ್ಲಿ ಇದು ತೊಂದರೆಯಾಗಲಿಲ್ಲ, ಏಕೆಂದರೆ ಎಣ್ಣೆ ಇಂಜಿನ್‌ನಲ್ಲಿ ಉಳಿಯುತ್ತಲೇ ಇರಲಿಲ್ಲ. ಒಂದು ಕಡೆ ಹೋಗಿ ಇನ್ನೊಂದು ಕಡೆ ಹೊಗೆಯ ಜೊತೆ ಹೊರಬೀಳುತ್ತಿತ್ತು.

ಮೊದಮೊದಲ ಕಾರು, ಮೋಟಾರ್ ಸೈಕಲ್‌ಗಳಲ್ಲೂ ಇದೇ ಪದ್ಧತಿ. ಎಣ್ಣೆ ಹನಿಹನಿಯಾಗಿ ಇಳಿಯಬೇಕು, ಕೆಲಸ ಮಾಡಬೇಕು, ಸುಟ್ಟು ಹೋಗಬೇಕು. ಅಲ್ಲಿ ಆಯಿಲ್ ಚೇಂಜ್ ಎಂಬ ಪ್ರಶ್ನೆಯೇ ಇಲ್ಲ. ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಓಡಿಸಿದವರೆಲ್ಲ ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿದವರೇ. ಟೂ ಸ್ಟ್ರೋಕ್ ಇಂಜಿನ್‌ಗೆ ಪ್ರತಿ ಗಳಿಗೆಯೂ ಹೊಸ ಎಣ್ಣೆ. ಕೆಳಗಿನ ಗೇರ್ ಬಾಕ್ಸಿನ ಎಣ್ಣೆಯೊಂದನ್ನು ಆಗಾಗ ಬದಲಾಯಿಸಿದರೆ ಸಾಕಿತ್ತು. ಅದಕ್ಕೆ ತೆತ್ತ ಬೆಲೆ ನೀಲಿ ಹೊಗೆ.

1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು. ಅದರಲ್ಲಿ ಎಣ್ಣೆ ಕೆಳಗಿನ ಚೇಂಬರಿನಲ್ಲಿ ನಿಲ್ಲುತ್ತದೆ, ತಿರುಗುವ ಭಾಗಗಳು ಅದನ್ನು ಎರಚುತ್ತವೆ, ಮತ್ತೆ ಅದು ಕೆಳಗೇ ಇಳಿಯುತ್ತದೆ. ಹೀಗೆ ಒಂದೇ ಎಣ್ಣೆ ಸುತ್ತು ಹೊಡೆಯಲು ಶುರುವಾದ ಮೇಲೆ ಅದು ಹಳತಾಗಲೂ ಶುರುವಾಯಿತು. ಪಂಪ್ ಇಲ್ಲ, ಫಿಲ್ಟರ್ ಇಲ್ಲ. ಮಣ್ಣಿನ ರಸ್ತೆಯ ಧೂಳು, ಸವೆದ ಲೋಹದ ಪುಡಿ, ಸುಡದ ಪೆಟ್ರೋಲ್ ಎಲ್ಲವೂ ಆ ಒಂದು ಚೇಂಬರಿನಲ್ಲೇ. ಆ ಕಾಲದ ಗಡುವುಗಳನ್ನು ಎಣಿಸುತ್ತಿದ್ದದ್ದು ನೂರು ಮೈಲಿಗಳ ಲೆಕ್ಕದಲ್ಲಿ. ಸಾವಿರ ಮೈಲಿ ಎಂದರೆ ಧಾರಾಳ.

ಗಡುವು ಹಿಗ್ಗಲು ಮೊದಲ ಕಾರಣವಾದದ್ದು ಫಿಲ್ಟರ್. 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಇಂಜಿನ್ ಎಣ್ಣೆಯನ್ನು ಸೋಸುವ ಪ್ಯೂರೊಲೇಟರ್‌ಗೆ ಪೇಟೆಂಟ್ ಪಡೆದರು. ಮರುವರ್ಷವೇ ಕ್ರೈಸ್ಲರ್ ತನ್ನ ಕಾರಿಗೆ ಆಯಿಲ್ ಫಿಲ್ಟರ್ ಹಾಕಿತು. ಇಂದು ನಾವು ಕೈಯಲ್ಲಿ ತಿರುಗಿಸಿ ಬಿಗಿಯುವ ಡಬ್ಬಿಯಂಥ ಫಿಲ್ಟರ್ 1950ರ ದಶಕದ್ದು. ಆದರೆ ಫಿಲ್ಟರ್ ಹಿಡಿಯುವುದು ಕಣಗಳನ್ನು ಮಾತ್ರ. ಎಣ್ಣೆಯಲ್ಲಿ ಕರಗಿದ ಆಮ್ಲವನ್ನು, ಬೆರೆತ ಪೆಟ್ರೋಲನ್ನು, ನೀರನ್ನು ಅದು ತಡೆಯಲಾರದು.

ನೀರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ. ಆದರೆ ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಅನಿಲ ಯಾವಾಗಲೂ ಕೆಳಗೆ ನುಸುಳುತ್ತಲೇ ಇರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಆ ತೇವ ಆರಿಹೋಗುತ್ತದೆ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಎರಡು ಕಿಲೋಮೀಟರಿನಲ್ಲಿ ಮನೆಗೆ ವಾಪಸ್ ಬಂದರೆ ಆರುವುದಿಲ್ಲ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನೋಡಿ. ಒಳಗೆ ಹಾಲಿನ ಕೆನೆಯಂಥ ಹಳದಿ ನೊರೆ ಕಟ್ಟಿದ್ದರೆ, ಅದು ಬಹಳ ಸಲ ಆರದೆ ಉಳಿದ ಈ ನೀರೇ. ಹಾಗೆ ಕಂಡು ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಈ ಅನಿಲವನ್ನು ಹೊರಗೆ ಬಿಡುವ ಬದಲು ಎಳೆದು ಮತ್ತೆ ಸುಡುವ ಪಿಸಿವಿ ವಾಲ್ವ್ 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಕಾರುಗಳಿಗೆ ಬಂತು. ಅದನ್ನು ತಂದದ್ದು ಊರಿನ ಗಾಳಿ ಶುದ್ಧವಾಗಲಿ ಎಂದು. ಅದರಿಂದ ಇಂಜಿನ್ ಎಣ್ಣೆಯ ಆಯಸ್ಸೂ ಹೆಚ್ಚಿತು. ಈ ಪುಟ್ಟ ವಾಲ್ವ್ ಕಟ್ಟಿಕೊಂಡರೆ ಎಂಥ ದುಬಾರಿ ಎಣ್ಣೆಯೂ ಬೇಗ ಕೆಸರಾಗುತ್ತದೆ. ಅದನ್ನು ಪರೀಕ್ಷಿಸಿ ಎಂದು ಸರ್ವೀಸಿನವರಿಗೆ ನಾವಾಗಿಯೇ ಹೇಳುವುದು ಒಳ್ಳೆಯದು.

ಈಗ ಕಥೆಯ ಮುಖ್ಯ ಭಾಗಕ್ಕೆ ಬರುತ್ತೇನೆ. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿಯ ಹೊಸ ಡೀಸೆಲ್ ಟ್ರ್ಯಾಕ್ಟರುಗಳಿಗೆ ಒಂದು ರೋಗ ಬಂತು. ಪಿಸ್ಟನ್ನಿನ ತೋಡುಗಳಲ್ಲಿ ಮಸಿ, ಅರಗು ಕಟ್ಟಿ ರಿಂಗುಗಳು ಕಚ್ಚಿಕೊಳ್ಳತೊಡಗಿದವು. ಅಂದಿನ ಉತ್ತಮ ಎಣ್ಣೆ ಹಾಕಿದರೂ ಅಷ್ಟೇ. ಎಣ್ಣೆಯನ್ನು ಎಷ್ಟೇ ಶುದ್ಧಗೊಳಿಸಿದರೂ ಸಾಲದು, ಅದಕ್ಕೆ ಏನನ್ನಾದರೂ ಸೇರಿಸಲೇಬೇಕು ಎಂದು ಮನದಟ್ಟಾದದ್ದು ಆಗ. ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ ಲೋಹದ ಸಾಬೂನಿನಂಥ ಪದಾರ್ಥವನ್ನು ಎಣ್ಣೆಯಲ್ಲಿ ಕರಗಿಸಿ 1935ರಲ್ಲಿ ಡೆಲೊ ಎಂಬ ಹೆಸರಿನಲ್ಲಿ ತಂದಿತು. ಅದು ಮಸಿಯನ್ನು ಲೋಹಕ್ಕೆ ಅಂಟಲು ಬಿಡದೆ ತೊಳೆಯುತ್ತಿತ್ತು. 1940ರ ದಶಕದಲ್ಲಿ ಸತು, ರಂಜಕ, ಗಂಧಕ ಕೂಡಿದ ಜೆಡ್‌ಡಿಡಿಪಿ ಎಂಬ ಸಂಯುಕ್ತ ಬಂತು. ಬೇರಿಂಗುಗಳಿಗೆ ಆಮ್ಲ ತಟ್ಟದಿರಲಿ ಎಂದು ಹಾಕಿದ್ದು, ಲೋಹ ಲೋಹಕ್ಕೆ ಉಜ್ಜುವ ಕಡೆ ತೆಳು ಪದರ ಕಟ್ಟಿ ಸವೆತವನ್ನೂ ತಡೆಯುತ್ತದೆ ಎಂದು ಆಮೇಲೆ ತಿಳಿಯಿತು. ಇಂದಿಗೂ ಅದು ನಮ್ಮ ಇಂಜಿನ್ ಆಯಿಲ್‌ಗಳಲ್ಲಿದೆ. 1950ರ ದಶಕದ ಕೊನೆಗೆ ಡಿಸ್ಪರ್ಸೆಂಟ್‌ಗಳು ಸೇರಿದವು. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ಬಿಡಿಬಿಡಿಯಾಗಿ ತೇಲಿಸಿ ಇಡುವುದು ಅವುಗಳ ಕೆಲಸ.

ಆಯಿಲ್ ಕಪ್ಪಾಯಿತು, ಕೆಟ್ಟಿತು ಎಂದು ಗಾಬರಿಯಾಗುವವರು ಇದನ್ನು ತಿಳಿಯಬೇಕು. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸುವಷ್ಟರಲ್ಲೇ ಕಪ್ಪಾಗುತ್ತದೆ. ಮಸಿ ಇಂಜಿನ್‌ಗೆ ಅಂಟದೆ ಎಣ್ಣೆಯಲ್ಲಿ ತೇಲುತ್ತಿದೆ ಎಂದು ಅದರ ಅರ್ಥ. ಬಣ್ಣ ನೋಡಿ ಎಣ್ಣೆಯ ಆಯಸ್ಸು ಹೇಳಲಾಗದು. ಎರಡು ಬೆರಳ ನಡುವೆ ಉಜ್ಜಿ ನೋಡಿಯೂ ಹೇಳಲಾಗದು.

ಬಣ್ಣಕ್ಕಿಂತ ಹೆಚ್ಚಿನದನ್ನು ಹೇಳುವ ಹಳೆಯದೊಂದು ಪರೀಕ್ಷೆ ಇದೆ, ಮನೆಯಲ್ಲೇ ಮಾಡಬಹುದು. ಇಂಜಿನ್ ಬಿಸಿಯಿರುವಾಗಲೇ ಆಫ್ ಮಾಡಿ, ಆಯಿಲ್ ಮಟ್ಟ ನೋಡುವ ಗೇಜ್ ಎಳೆದು, ಅದರ ತುದಿಯಿಂದ ಒಂದು ಹನಿಯನ್ನು ಬ್ಲಾಟಿಂಗ್ ಪೇಪರ್ ಮೇಲೋ ಫಿಲ್ಟರ್ ಪೇಪರ್ ಮೇಲೋ ಬಿಡಿ. ಕಾಗದ ಮೇಜಿಗೆ ತಾಗದಂತೆ ಲೋಟದ ಬಾಯಿಯ ಮೇಲಿಟ್ಟು ಕೆಲವು ಗಂಟೆ ಬಿಡಿ. ಹನಿ ಹರಡಿ ಉಂಗುರಗಳಾಗುತ್ತದೆ. ಮಸಿ ಬೂದು ಬಣ್ಣದಲ್ಲಿ ಅಂಚಿನವರೆಗೂ ಸಮನಾಗಿ ಹರಡಿದ್ದರೆ ಡಿಸ್ಪರ್ಸೆಂಟ್ ಇನ್ನೂ ದುಡಿಯುತ್ತಿದೆ. ನಡುವೆ ಕಾಡಿಗೆಯಂಥ ಬೊಟ್ಟು ಗಟ್ಟಿಯಾಗಿ ನಿಂತು ಸುತ್ತ ಬರೀ ಎಣ್ಣೆಯ ತೇವ ಕಂಡರೆ ಅದರ ಶಕ್ತಿ ಮುಗಿದಿದೆ, ಕಿಲೋಮೀಟರ್ ಎಷ್ಟೇ ಆಗಿರಲಿ ಬದಲಾಯಿಸಬೇಕು. ಡೀಸೆಲ್ ಗಾಡಿಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಮಸಿ ಕಡಿಮೆ, ಆದ್ದರಿಂದ ಅಲ್ಲಿ ಇದರ ಸಾಕ್ಷ್ಯವೂ ಕಡಿಮೆ. ಆಮ್ಲ ಎಷ್ಟಿದೆ, ಲೋಹ ಎಷ್ಟು ಸವೆದಿದೆ ಎಂಬುದನ್ನು ಈ ಹನಿ ಹೇಳುವುದಿಲ್ಲ.

ಆಮ್ಲದ ಮಾತು ಬಂತಲ್ಲ, ಅದನ್ನೂ ನೋಡೋಣ. ಇಂಧನದಲ್ಲಿರುವ ಗಂಧಕ ಸುಟ್ಟು, ನೀರಿನೊಡನೆ ಸೇರಿ ಗಂಧಕಾಮ್ಲವಾಗುತ್ತದೆ. ಅದನ್ನು ಕೊಲ್ಲಲು ಎಣ್ಣೆಯಲ್ಲಿ ಕ್ಷಾರವನ್ನು ಬೆರೆಸಿರುತ್ತಾರೆ. ಡಬ್ಬದ ವಿವರಗಳಲ್ಲಿ ಟಿಬಿಎನ್ ಎಂದು ಕಾಣುವುದು ಆ ಕ್ಷಾರದ ಅಳತೆ. ಕ್ಷಾರ ಮುಗಿದ ದಿನ ಎಣ್ಣೆಯ ಆಯಸ್ಸೂ ಮುಗಿಯಿತು. ನಮ್ಮ ದೇಶದಲ್ಲಿ 1990ರ ದಶಕದ ಆರಂಭದವರೆಗೆ ಡೀಸೆಲ್‌ನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಗಂಧಕ ಇರಲು ಅವಕಾಶವಿತ್ತು. ಅಂದರೆ ನೂರು ಲೀಟರ್ ಡೀಸೆಲ್‌ಗೆ ಸುಮಾರು 800 ಗ್ರಾಂ. ಹಂತಹಂತವಾಗಿ ಇಳಿಯುತ್ತ ಬಂದು, 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಬಿಎಸ್ 6 ಇಂಧನ ಬಂದ ಮೇಲೆ ಮಿತಿ 10 ಪಿಪಿಎಂ. ಈಗ ಅದೇ ನೂರು ಲೀಟರಿನಲ್ಲಿ ಒಂದು ಗ್ರಾಂ ಗಂಧಕವೂ ಇರುವುದಿಲ್ಲ. ಇದಲ್ಲದೆ 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಅದೇ ಸುಮಾರಿಗೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು. ಬೆಳಿಗ್ಗೆ ಚೋಕ್ ಎಳೆದು ಹೆಚ್ಚುವರಿ ಪೆಟ್ರೋಲ್ ಸುರಿಯುವುದು, ಅದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುವುದು ತಪ್ಪಿತು. ಐದು ಸಾವಿರವಿದ್ದ ಗಡುವು ಹತ್ತು ಸಾವಿರವಾದದ್ದರ ಅರ್ಧ ಗೌರವ ಎಣ್ಣೆ ಕಂಪನಿಗಳಿಗಾದರೆ, ಇನ್ನರ್ಧ ಶುದ್ಧವಾದ ಇಂಧನಕ್ಕೆ ಮತ್ತು ಅದನ್ನು ಕಡ್ಡಾಯ ಮಾಡಿಸಿದವರಿಗೆ ಸಲ್ಲಬೇಕು. ಜಾಹೀರಾತಿನಲ್ಲಿ ಈ ಅರ್ಧವನ್ನು ಯಾರೂ ಹೇಳುವುದಿಲ್ಲ.

ಎಣ್ಣೆಯ ದಪ್ಪ ತೆಳುವಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಎಸ್‌ಎಇ ಸಂಸ್ಥೆ 1911ರಲ್ಲಿ ಎಣ್ಣೆಗೆ ಮಾನದಂಡ ತಂದಿತು. ಮುಂದೆ ಚಳಿಗಾಲದ ಗ್ರೇಡುಗಳು, 1950ರ ದಶಕದಲ್ಲಿ ಚಳಿಗೂ ಬಿಸಿಗೂ ಹೊಂದುವ ಮಲ್ಟಿಗ್ರೇಡ್ ಬಂದವು. ನಿಮ್ಮ ಗಾಡಿಯ ಪುಸ್ತಕದಲ್ಲಿ 0ಡಬ್ಲ್ಯು-20 ಎಂದಿದ್ದರೆ ಅದೇ ಇರಲಿ. ನಮ್ಮದು ಬಿಸಿಲ ನಾಡು, ದಪ್ಪ ಎಣ್ಣೆ ಹಾಕೋಣ ಎಂಬ ಸಲಹೆ ಹಳೆಯ ಅಂಬಾಸಿಡರ್ ಕಾಲದ್ದು.

ಈಗ ಅಳತೆಯ ಮಾತು. ಇದು ಶುರುವಾದದ್ದು ರೈಲಿನಲ್ಲಿ. 1940ರ ದಶಕದಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರ್ಯಾಂಡೆ ವೆಸ್ಟರ್ನ್ ರೈಲ್ವೆಯವರು ಡೀಸೆಲ್ ಲೋಕೋಗಳ ಬಳಸಿದ ಎಣ್ಣೆಯನ್ನು ಸ್ಪೆಕ್ಟ್ರೋಗ್ರಾಫ್‌ನಲ್ಲಿ ಇಟ್ಟು ನೋಡಿದರು. ಎಣ್ಣೆಯನ್ನು ಸುಡುವಾಗ ಹೊಮ್ಮುವ ಬೆಳಕಿನಲ್ಲಿ ಪ್ರತಿ ಲೋಹಕ್ಕೂ ತನ್ನದೇ ಗೆರೆ ಇರುತ್ತದೆ. ತಾಮ್ರ, ಸೀಸ ಏರಿದರೆ ಬೇರಿಂಗ್ ಸವೆಯುತ್ತಿದೆ. ಕಬ್ಬಿಣ, ಕ್ರೋಮಿಯಂ ಏರಿದರೆ ಲೈನರ್, ರಿಂಗುಗಳ ಕಡೆ ನೋಡಬೇಕು. ಅಲ್ಯೂಮಿನಿಯಂ ಏರಿದರೆ ಪಿಸ್ಟನ್. ಸಿಲಿಕಾನ್ ಏರಿದರೆ ಏರ್ ಫಿಲ್ಟರ್ ದಾಟಿ ಧೂಳು ಬರುತ್ತಿದೆ. ಸೋಡಿಯಂ, ಬೋರಾನ್ ಏರಿದರೆ ಕೂಲೆಂಟ್ ಸೋರುತ್ತಿದೆ. ಇಂಜಿನ್ ಬಿಚ್ಚದೆಯೇ ಅದರ ಒಳಗಿನ ಸ್ಥಿತಿ ತಿಳಿಯಿತು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಇದನ್ನು ವಿಮಾನಗಳಿಗೆ ಅಳವಡಿಸಿಕೊಂಡಿತು. ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಇದು ದಿನನಿತ್ಯದ ಕೆಲಸ. ಶೆಡ್ಡಿಗೆ ಬಂದ ಲೋಕೋದಿಂದ ಎಣ್ಣೆಯ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಲೋಹಗಳ ಲೆಕ್ಕವನ್ನು ಹಿಂದಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡುತ್ತಾರೆ. ನೂರಾರು ಲೀಟರ್ ಎಣ್ಣೆ ಹಿಡಿಯುವ ಇಂಜಿನ್‌ನಲ್ಲಿ ದಿನಾಂಕ ನೋಡಿ ಎಣ್ಣೆ ಸುರಿಯುವುದು ದುಂದು, ನೋಡದೆ ಓಡಿಸುವುದು ಅಪಾಯ. ಗಡುವನ್ನು ನಿಜವಾಗಿ ಸುರಕ್ಷಿತವಾಗಿ ಹಿಗ್ಗಿಸುವ ಮಾರ್ಗ ಅಂದಿಗೂ ಇಂದಿಗೂ ಇದೊಂದೇ ಎಂದು ನಾನು ನಂಬಿದ್ದೇನೆ.

ಸಿಂಥೆಟಿಕ್ ಎಣ್ಣೆ ಜೆಟ್ ವಿಮಾನಗಳ ಕಾಣಿಕೆ. ಜೆಟ್ ಇಂಜಿನ್‌ನ ಬಿಸಿಗೂ ಮೇಲಿನ ಆಕಾಶದ ಚಳಿಗೂ ಕಲ್ಲೆಣ್ಣೆ ತಡೆಯುತ್ತಿರಲಿಲ್ಲ. ಅದನ್ನು ಬಲ್ಲ ಯುದ್ಧವಿಮಾನ ಪೈಲಟ್ ಆಲ್ಬರ್ಟ್ ಅಮಟೂಜಿಯೊ 1972ರಲ್ಲಿ ಕಾರುಗಳಿಗೆ ಆಮ್ಸಾಯಿಲ್ ತಂದ. 1970ರ ದಶಕದ ನಡುವೆ ಮೊಬಿಲ್ 1 ಬಂತು. ಎರಡೂ ಕಂಪನಿಗಳು 25,000 ಮೈಲಿ ಎಂದು ಸಾರಿದವು. ಅದೇ ಹೊತ್ತಿಗೆ ಅಮೆರಿಕದಲ್ಲಿ ಹತ್ತು ನಿಮಿಷದಲ್ಲಿ ಎಣ್ಣೆ ಬದಲಿಸಿ ಕೊಡುವ ಅಂಗಡಿಗಳು ಬೀದಿಬೀದಿಗೂ ತೆರೆದವು. ಅವರ ಮಂತ್ರ 3,000 ಮೈಲಿ. ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ ಎರಡು ಸಂಖ್ಯೆಗಳು, ಒಂದಕ್ಕೊಂದು ಎಂಟು ಪಟ್ಟು ದೂರ. ಮಾರುವವನ ಲಾಭಕ್ಕೆ ತಕ್ಕಂತೆ ಗಡುವು ಇತ್ತು, ಇಂಜಿನ್ ಅನ್ನು ಕೇಳಿದವರಿಲ್ಲ.

ಇಂಜಿನ್ ಅನ್ನೇ ಕೇಳಿದವರು ಜನರಲ್ ಮೋಟರ್ಸ್‌ನ ಪ್ರಯೋಗಾಲಯದಲ್ಲಿದ್ದ ರಸಾಯನ ವಿಜ್ಞಾನಿ ಶರ್ಲಿ ಶ್ವಾರ್ಟ್ಜ್ ಮತ್ತು ಅವರ ಸಹೋದ್ಯೋಗಿ ಡೊನಾಲ್ಡ್ ಸ್ಮೊಲೆನ್ಸ್ಕಿ. 1980ರ ದಶಕದಲ್ಲಿ ಅವರು ಕಾರುಗಳನ್ನು ಬೇರೆ ಬೇರೆ ರೀತಿ ಓಡಿಸಿ, ಎಣ್ಣೆಯ ಸ್ಯಾಂಪಲ್ ತೆಗೆದು ಪರೀಕ್ಷಿಸಿದರು. ಹೆದ್ದಾರಿಯಲ್ಲಿ ಒಂದೇ ಸಮನೆ, ಬಿಸಿಲಲ್ಲಿ ಭಾರ ಎಳೆಯುತ್ತ, ಊರೊಳಗೆ, ಚಳಿಯಲ್ಲಿ ಚಿಕ್ಕ ಚಿಕ್ಕ ಓಡಾಟ. ಎಣ್ಣೆ ಹಾಳಾಗುವ ವೇಗವನ್ನು ನಿರ್ಧರಿಸುವುದು ಕಿಲೋಮೀಟರ್ ಅಲ್ಲ, ಇಂಜಿನ್ ಸುತ್ತಿದ ಸುತ್ತುಗಳು ಮತ್ತು ಆಗಿನ ಎಣ್ಣೆಯ ಉಷ್ಣತೆ ಎಂದು ಅವರು ಕಂಡುಕೊಂಡರು. ತೀರಾ ಬಿಸಿಯಾದರೂ ಆಯಸ್ಸು ಬೇಗ ಕರಗುತ್ತದೆ, ಬಿಸಿಯೇ ಆಗದಿದ್ದರೂ ಕರಗುತ್ತದೆ. ಅವರ ವ್ಯವಸ್ಥೆಯಲ್ಲಿ ಎಣ್ಣೆಯೊಳಗೆ ಅದರ ಗುಣ ಅಳೆಯುವ ಸೆನ್ಸರ್ ಇಲ್ಲ. ಕಂಪ್ಯೂಟರ್ ಪ್ರತಿ ಸುತ್ತನ್ನೂ ಎಣಿಸಿ, ಉಷ್ಣತೆಗೆ ತಕ್ಕ ದಂಡ ಹಾಕಿ, ಒಟ್ಟು ಖಾತೆಯಿಂದ ಕಳೆಯುತ್ತ ಹೋಗುತ್ತದೆ. 1980ರ ದಶಕದ ಕೊನೆಗೆ ಇದು ಕಾರುಗಳಲ್ಲಿ ಬಂತು. ಇಂದು ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಲೈಫ್ ಶೇಕಡಾ ಇಷ್ಟು ಎಂದು ಕಂಡರೆ ಅದರ ಹಿಂದೆ ಈ ಇಬ್ಬರ ಶ್ರಮವಿದೆ.

ಗಡುವನ್ನು ಹಿಗ್ಗಿಸಿ ಕೆಟ್ಟವರ ಕಥೆಯೂ ಇದೆ. 1990ರ ದಶಕದ ಕೊನೆ, 2000ದ ಆರಂಭದಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಔಡಿಯ 1.8 ಲೀಟರ್ ಟರ್ಬೊ ಇಂಜಿನ್‌ಗಳು, ಟೊಯೊಟಾದ ಕೆಲವು ಇಂಜಿನ್‌ಗಳು ಅಮೆರಿಕದಲ್ಲಿ ಕೆಸರು ಕಟ್ಟಿ ನಿಂತವು. ಎಣ್ಣೆ ಹಲ್ವಾದಂತೆ ಗಟ್ಟಿಯಾಗಿ ಪಂಪಿನ ಜಾಲರಿ ಮುಚ್ಚಿ, ಬೇರಿಂಗಿಗೆ ಎಣ್ಣೆ ತಲುಪದೆ ಇಂಜಿನ್ ಸೀಜ್. ಎರಡೂ ಕಂಪನಿಗಳು ವಾರಂಟಿ ವಿಸ್ತರಿಸಿ ಪರಿಹಾರ ಕೊಡಬೇಕಾಯಿತು. ಟರ್ಬೊ ಇಂಜಿನ್ ಬಿಸಿ ಹೆಚ್ಚು, ಚೇಂಬರ್ ಚಿಕ್ಕದು, ಎಣ್ಣೆ ಸಾಧಾರಣ, ಗಡುವು ಉದ್ದ, ಇವೆಲ್ಲ ಒಟ್ಟಿಗೆ ಸೇರಿದರೆ ಏನಾಗುತ್ತದೆಂದು ಜಗತ್ತು ಆಗ ಕಲಿತಿತು. ಫೋಕ್ಸ್‌ವ್ಯಾಗನ್ ಆ ಇಂಜಿನ್‌ಗಳಿಗೆ ದೊಡ್ಡ ಫಿಲ್ಟರ್, ತನ್ನ ಮಾನದಂಡದ ಸಿಂಥೆಟಿಕ್ ಎಣ್ಣೆ ಬೇಕೆಂದು ಹೇಳಿತು.

ಇಂದಿನ ನಮ್ಮ ರಸ್ತೆಗಳಿಗೆ ಬರೋಣ. ಹತ್ತು ಸಾವಿರ ಕಿಲೋಮೀಟರನ್ನು ಹುಬ್ಬಳ್ಳಿ ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50ರಲ್ಲಿ ಓಡಿಸಿದರೆ ಇಂಜಿನ್ 200 ಗಂಟೆ ದುಡಿಯುತ್ತದೆ. ಅದೇ ಹತ್ತು ಸಾವಿರವನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳದ ದಟ್ಟಣೆಯಲ್ಲಿ ಸರಾಸರಿ 20ರಲ್ಲಿ ಓಡಿಸಿದರೆ 500 ಗಂಟೆ. ಚೀಟಿಯಲ್ಲಿ ಇಬ್ಬರಿಗೂ ಒಂದೇ ಸಂಖ್ಯೆ. ನಮ್ಮ ರೈತರು ಇದನ್ನು ಎಂದೋ ಬಲ್ಲರು. ಟ್ರ್ಯಾಕ್ಟರಿಗೆ ಯಾರೂ ಕಿಲೋಮೀಟರ್ ಕೇಳುವುದಿಲ್ಲ, ಅವರ್ ಮೀಟರ್ ನೋಡುತ್ತಾರೆ. ಬಹಳ ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಆಯಿಲ್. ಈಗಿನ ಎಷ್ಟೋ ಕಾರುಗಳು ಸರಾಸರಿ ವೇಗವನ್ನು ಪರದೆಯ ಮೇಲೇ ತೋರಿಸುತ್ತವೆ. ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿ, ನಿಮ್ಮ ಗಂಟೆಗಳು ಸಿಗುತ್ತವೆ. ಗಂಟೆ 300 ದಾಟುತ್ತಿದ್ದರೆ ಗಡುವು ಹಿಗ್ಗಿಸುವ ಆಲೋಚನೆ ಬಿಡಿ ಎಂಬುದು ನನ್ನ ಸಲಹೆ. ಗಾಡಿಯ ಪುಸ್ತಕದಲ್ಲಿ ಕಠಿಣ ಬಳಕೆ ಎಂದು ಒಂದು ಬೇರೆ ಪಟ್ಟಿ ಇರುತ್ತದೆ: ಧೂಳು, ದಟ್ಟಣೆ, ಚಿಕ್ಕ ಓಡಾಟ, ಭಾರ. ನಮ್ಮಲ್ಲಿ ಬಹುಪಾಲು ಜನರ ಓಡಾಟ ಆ ಪಟ್ಟಿಗೇ ಸೇರುತ್ತದೆ, ಆದರೆ ಅದನ್ನು ತೆರೆದು ಓದುವವರು ವಿರಳ. ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿಗಳ ಹಿಂದೆ ದಿನಾ ಓಡಾಡುವವರಿಗೆ ಎಣ್ಣೆಗಿಂತ ಮೊದಲು ಏರ್ ಫಿಲ್ಟರ್ ಮುಖ್ಯ. ಆ ಕೆಂಪು ಧೂಳು ಸಿಲಿಂಡರಿಗೆ ಇಳಿದರೆ ಯಾವ ಎಣ್ಣೆಯೂ ಕಾಪಾಡದು.

ಬಿಎಸ್ 6 ಡೀಸೆಲ್ ಇದ್ದವರಿಗೆ ಇನ್ನೊಂದು ಮಾತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ತುಂಬಿದಾಗ ಅದನ್ನು ಸುಡಲು ಕೆಲವು ಇಂಜಿನ್‌ಗಳಲ್ಲಿ ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಚಿಮ್ಮುತ್ತದೆ. ಊರೊಳಗೇ ಓಡಾಡಿ ನಡುವೆ ಆಫ್ ಮಾಡುತ್ತಿದ್ದರೆ ಅದರಲ್ಲಿ ಸ್ವಲ್ಪ ಗೋಡೆಯಿಂದಿಳಿದು ಎಣ್ಣೆ ಸೇರುತ್ತದೆ. ಗೇಜಿನಲ್ಲಿ ಮಟ್ಟ ಏರುತ್ತಾ ಹೋದರೆ ಅದು ತೊಂದರೆಯ ಸೂಚನೆ, ಎಣ್ಣೆ ತೆಳುವಾಗುತ್ತಿದೆ. ಇಂಥ ಗಾಡಿಗೆ ಪುಸ್ತಕದಲ್ಲಿ ಹೇಳಿದ, ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಬೈಕಿನವರ ಸ್ಥಿತಿ ಬೇರೆ. ಹೆಚ್ಚಿನ ಬೈಕುಗಳಲ್ಲಿ ಇಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಎಣ್ಣೆ, ಅದೂ ಒಂದು ಲೀಟರಿನ ಆಸುಪಾಸು. ಗೇರಿನ ಹಲ್ಲುಗಳು ಅದನ್ನು ಅರೆದು ತೆಳುವಾಗಿಸುತ್ತವೆ. ಅವರು ಡಬ್ಬದ ಮೇಲೆ ಜಾಸೊ ಎಂಎ ಎಂದಿರುವ ಎಣ್ಣೆ ಹಾಕಿ ಕಂಪನಿಯ ಗಡುವಿನೊಳಗೇ ಇರಬೇಕು. ಕಾರಿನ ಎಣ್ಣೆ ಸುರಿದರೆ ಕ್ಲಚ್ ಜಾರೀತು.

ಇಷ್ಟಾದ ಮೇಲೆ, ಹಿಗ್ಗಿಸಬಹುದಾದವರು ಯಾರು? ಲಾರಿ, ಬಸ್ಸು, ಜನರೇಟರ್ ಹತ್ತಾರು ಇಟ್ಟುಕೊಂಡವರು. ಹದಿನೈದು ಇಪ್ಪತ್ತು ಲೀಟರ್ ಹಿಡಿಯುವ ಚೇಂಬರ್ ಇರುವಲ್ಲಿ ಸ್ಯಾಂಪಲ್ ಪರೀಕ್ಷೆಯ ಖರ್ಚು ಬೇಗ ಗಿಟ್ಟುತ್ತದೆ. ಕಂಪನಿಯ ಗಡುವಿನಲ್ಲಿ ಒಂದು ಸ್ಯಾಂಪಲ್ ಲ್ಯಾಬಿಗೆ ಕಳಿಸಬೇಕು. ಟಿಬಿಎನ್, ದಪ್ಪ, ಮಸಿ, ಲೋಹಗಳು ಎಲ್ಲ ಮಿತಿಯೊಳಗಿದ್ದರೆ ಮುಂದಿನ ಸಲ ಸ್ವಲ್ಪ ಎಳೆದು ಮತ್ತೆ ಕಳಿಸಬೇಕು. ಒಂದೇ ಸ್ಯಾಂಪಲ್ ನಂಬಬಾರದು, ಏರಿಳಿತದ ಗತಿ ನೋಡಬೇಕು. ವಾರಂಟಿ ಇರುವವರೆಗೆ ಕಂಪನಿಯ ಗಡುವನ್ನು ಮೀರಬಾರದು. ಮೂರೂವರೆ ಲೀಟರ್ ಹಿಡಿಯುವ ಕಾರಿಗೆ ಪ್ರತಿ ಸಲ ಲ್ಯಾಬಿಗೆ ಓಡುವುದರಲ್ಲಿ ಉಳಿತಾಯವಿಲ್ಲ. ಕಾರಿನವರು ಮಾಡಬೇಕಾದದ್ದು ಹದಿನೈದು ದಿನಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಗೇಜ್ ಎಳೆಯುವುದು. ಉದ್ದ ಗಡುವಿನಲ್ಲಿ ಇಂಜಿನ್‌ಗಳನ್ನು ಕೊಲ್ಲುವುದು ಹಳೆಯ ಎಣ್ಣೆಗಿಂತ ಹೆಚ್ಚಾಗಿ, ಮಟ್ಟ ಕಡಿಮೆಯಾದ ಎಣ್ಣೆ. ಸ್ವಲ್ಪ ಎಣ್ಣೆ ತಿನ್ನುವ ಇಂಜಿನ್ ಐದು ಸಾವಿರಕ್ಕೆ ಬದಲಾಯಿಸುವಾಗ ಬದುಕಿತ್ತು, ಏಕೆಂದರೆ ಅಷ್ಟರೊಳಗೆ ಯಾರೋ ಬಾನೆಟ್ ಎತ್ತಿ ತುಂಬಿಸುತ್ತಿದ್ದರು. ಹದಿನೈದು ಸಾವಿರದವರೆಗೆ ಯಾರೂ ನೋಡದಿದ್ದರೆ ಕೆಂಪು ದೀಪ ಹತ್ತುವ ಹೊತ್ತಿಗೆ ಬೇರಿಂಗ್ ಹೋಗಿರುತ್ತದೆ.

ಇಳಿಸಿದ ಎಣ್ಣೆ ಏನಾಗುತ್ತದೆ ಎಂಬುದೂ ಈ ಚರಿತ್ರೆಗೆ ಸೇರಿದ್ದು. ನಮ್ಮಲ್ಲಿ ಅದು ಗೆದ್ದಲು ಹಿಡಿಯದಿರಲೆಂದು ಮರದ ಕಂಬಕ್ಕೆ, ಕಾಂಕ್ರೀಟ್ ಅಂಟದಿರಲೆಂದು ಸೆಂಟ್ರಿಂಗ್ ಹಲಗೆಗೆ, ಎಷ್ಟೋ ಸಲ ಗ್ಯಾರೇಜಿನ ಹಿಂದಿನ ಚರಂಡಿಗೆ ಹೋಗುತ್ತದೆ. ಸವೆದ ಲೋಹ, ಸುಟ್ಟ ಇಂಧನದ ವಿಷ ಎಲ್ಲ ಅದರಲ್ಲಿರುತ್ತವೆ. ಒಂದು ಕಾರಿನಿಂದ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಕುಡಿಯುವ ನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂಸ್ಥೆ ಎಚ್ಚರಿಸುತ್ತದೆ. ಹಾಗೆಂದು ಎಣ್ಣೆಯೇ ಸತ್ತಿರುವುದಿಲ್ಲ. ಸೇರಿಸಿದ ರಾಸಾಯನಿಕಗಳು ಮುಗಿದಿರುತ್ತವೆ, ಮೂಲ ತೈಲದ ಹೆಚ್ಚಿನ ಪಾಲು ಹಾಗೇ ಇರುತ್ತದೆ. ನಿರ್ವಾತದಲ್ಲಿ ಭಟ್ಟಿ ಇಳಿಸಿ, ಶುದ್ಧಗೊಳಿಸಿ ಮತ್ತೆ ಬೇಸ್ ಆಯಿಲ್ ಮಾಡಬಹುದು. 2024ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಳಸಿದ ಎಣ್ಣೆಯನ್ನು ವಾಪಸ್ ಪಡೆದು ಮರುಬಳಕೆ ಮಾಡಿಸುವ ಹೊಣೆ ತಯಾರಕರ ಮೇಲೂ ಬಿದ್ದಿದೆ. ಮುಂದಿನ ಸಲ ಆಯಿಲ್ ಬದಲಾಯಿಸುವಾಗ ಹಳೆಯದನ್ನು ಯಾರಿಗೆ ಕೊಡುತ್ತೀರಿ ಎಂದು ಗ್ಯಾರೇಜಿನವರನ್ನು ಕೇಳಿ. ನೋಂದಾಯಿತ ಮರುಸಂಸ್ಕರಣಾ ಘಟಕಕ್ಕೆ ಕೊಡುವವರ ಹತ್ತಿರವೇ ಗಾಡಿ ಬಿಡಿ.